ದೊಡ್ಡಮ್ಮನ ಮೂರನೆಯ ರಾಜಕೀಯ

ನನ್ನ ರಾಜಕೀಯ ಅಭಿಪ್ರಾಯಗಳು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಬೆಳಿಗ್ಗೆ ಕಾರಿನ ರೇಡಿಯೋದಲ್ಲಿ ಯಾರು ಕೊನೆಗೆ ಮಾತಾಡಿದರೋ, ಆಫೀಸು ಮುಟ್ಟುವವರೆಗೆ ನಾನು ಅವರ ಕಡೆ. ಆದರೆ ನನ್ನ ದೊಡ್ಡಮ್ಮ ಬದಲಾಗುವ ರೀತಿಯೇ ಬೇರೆ. ನಾನು ಗಾಳಿ ಬಂದತ್ತ ವಾಲುತ್ತೇನೆ; ಅವರು ಮನೆ ಕೆಡವಿ ಮತ್ತೆ ಕಟ್ಟುತ್ತಾರೆ.

ರಾಜ್ಯಶಾಸ್ತ್ರ ಕಲಿಸಿ ನಿವೃತ್ತರಾದ ದೊಡ್ಡಮ್ಮ ಇರುವುದು ಇಲ್ಲೇ, ಅಮೆರಿಕದ ಹರ್ನ್‌ಡನ್ ಊರಿನಲ್ಲಿ, ನಮ್ಮ ಹಿಂದಿನ ಬೀದಿಯಲ್ಲಿ. ಮೈಸೂರಿನಲ್ಲಿ ಓದುವಾಗ ಅವರಿಗೆ ಎಲ್ಲವೂ ಸರ್ಕಾರದ್ದೇ ಆಗಬೇಕಿತ್ತಂತೆ. ಬಿಸ್ಕತ್ತಿನ ಕಾರ್ಖಾನೆಯನ್ನೂ ಬಿಟ್ಟಿರಲಿಲ್ಲ ಎಂದು ಅಮ್ಮ ನಗುತ್ತಿದ್ದಳು. ಇಲ್ಲಿಗೆ ಬಂದು ಕೆಲಸ ಹಿಡಿದು ಮನೆ ಕೊಂಡ ಮೇಲೆ, ಸರ್ಕಾರ ದಾರಿ ಬಿಟ್ಟು ನಿಂತರೆ ಸಾಕು ಎಂದು ಲೇಖನ ಬರೆಯತೊಡಗಿದರು. ಖಾಲಿ ಬಸ್ಸು ಓಡಿಸಲು ನನ್ನ ತೆರಿಗೆ ಯಾಕೆ ಎಂದು ಕೇಳಿದ ಲೇಖನವಂತೂ ಇಲ್ಲಿನ ಕನ್ನಡಿಗರಿಗೆ ಬಾಯಿಪಾಠ.

ಕೋವಿಡ್ ತಣ್ಣಗಾಗುವ ಹೊತ್ತಿಗೆ ಅವರ ಕಣ್ಣು ಮಂಜಾಯಿತು. ಡಾಕ್ಟರು ಕಾರು ಓಡಿಸುವುದನ್ನು ನಿಲ್ಲಿಸಿದರು. ನಾನು ಕರೆದುಕೊಂಡು ಹೋಗುತ್ತೇನೆಂದರೆ, "ನಿನ್ನ ಮೀಟಿಂಗ್ ಮುಗಿಯೋದ್ರೊಳಗೆ ಲೈಬ್ರರಿ ಮುಚ್ಚಿರತ್ತೆ ಕಣೇ" ಎಂದು ಬಸ್ಸು ಹತ್ತಿದರು. ಬಸ್ಸು ಖಾಲಿ ಇರಲಿಲ್ಲ. ಆಫೀಸು ಗುಡಿಸುವವರು, ಆಸ್ಪತ್ರೆಯಲ್ಲಿ ಅಡುಗೆ ಮಾಡುವವರು, ಇಂಗ್ಲಿಷ್ ಬಾರದಿದ್ದರೂ ದೊಡ್ಡಮ್ಮನಿಗೆಂದು ಮುಂದಿನ ಸೀಟು ಹಿಡಿದಿಡುತ್ತಿದ್ದ ಒಬ್ಬ ಅಜ್ಜಿ. ಅಷ್ಟರಲ್ಲಿ ಆ ಬಸ್ಸನ್ನೇ ನಿಲ್ಲಿಸುವ ಸುದ್ದಿ ಬಂತು. ಅದರ ಬಗ್ಗೆ ಕರೆದ ಸಾರ್ವಜನಿಕ ಸಭೆಯಲ್ಲಿ ಬಸ್ಸಿನ ಪರ ಮಾತಾಡುತ್ತೇನೆ ಎಂದರು ದೊಡ್ಡಮ್ಮ.

ಹಳೆಯ ಓದುಗರು ಮುನಿಸಿಕೊಂಡರು. ಫೋನುಗಳು ಕಮ್ಮಿಯಾದವು. ಯುಗಾದಿ ಊಟದಲ್ಲಿ, ಅವರ ಲೇಖನಗಳ ಪರಮಭಕ್ತ ಶ್ರೀಧರ ಹೋಳಿಗೆ ತಟ್ಟೆ ಹಿಡಿದೇ ಬಂದ.

"ಏನ್ ಆಂಟಿ, ನೀವೇ ಉಲ್ಟಾ ಹೊಡೆದ್ರೆ ಹೇಗೆ? ಈಗ ಬಸ್ ನಿಮಗೇ ಬೇಕು, ಅದಕ್ಕೆ ಸಪೋರ್ಟ್ ಮಾಡ್ತಿದೀರ."

ಮಾತು ಚುಚ್ಚುವಂತಿತ್ತು. ನಾನು ಪಾಯಸ ನೋಡುತ್ತಾ ನಿಂತೆ. ದೊಡ್ಡಮ್ಮ ಮಾತ್ರ ತಲೆಯಾಡಿಸಿದರು.

"ನಿಜ ಕಣಪ್ಪ. ಡ್ರೈವ್ ಮಾಡ್ಕೊಂಡು ಹೋಗುವಾಗ ಬಸ್ ಸ್ಟಾಪ್‌ನಲ್ಲಿ ನಿಂತೋರು ಕಾಣಿಸ್ತಿರಲಿಲ್ಲ. ಕಣ್ಣು ಮಂಜಾದ ಮೇಲೆ ಕಂಡ್ರು."

ನಮ್ಮ ಹಳೆಯ ವಾದಶಾಸ್ತ್ರದಲ್ಲಿ ಪೂರ್ವಪಕ್ಷ ಎಂಬುದೊಂದಿದೆ: ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಮಂಡಿಸಿ, ಆಮೇಲೆ ಖಂಡಿಸಬೇಕು. ನಮಗೆ ಈಗ ಅಷ್ಟು ತಾಳ್ಮೆಯಿಲ್ಲ. ಎದುರಾಳಿಯನ್ನು ಬ್ಲಾಕ್ ಮಾಡಿ ಮಲಗುತ್ತೇವೆ. ಸಭೆಯಲ್ಲಿ ದೊಡ್ಡಮ್ಮ ಎದ್ದು ನಿಂತು ಮೊದಲು ತಮ್ಮ ಹಳೆಯ ವಾದವನ್ನೇ ಹೇಳಿದರು. ಎಷ್ಟು ಚೆನ್ನಾಗಿ ಹೇಳಿದರೆಂದರೆ ಬಸ್ಸು ಬೇಡವೆನ್ನುವವರು ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿದ್ದ ಬಸ್ಸಿನ ಅಜ್ಜಿ, ಚಪ್ಪಾಳೆ ತಟ್ಟಿದವರನ್ನು ನೋಡಿ ಗಾಬರಿಯಾದಳು. ಆಮೇಲೆ, "ಇದನ್ನು ಬರೆದವಳು ನಾನೇ. ಎಲ್ಲಿ ತಪ್ಪಿದೆ ಎಂದೂ ನಾನೇ ಹೇಳುತ್ತೇನೆ" ಎಂದು ಇಂಗ್ಲಿಷಿನಲ್ಲಿ ಹೇಳಿ, ಒಂದೊಂದೇ ಎಳೆ ಬಿಡಿಸಿದರು. ಅವರ ದನಿ ಒಮ್ಮೆಯೂ ಏರಲಿಲ್ಲ. ನಾನು ಮಾತ್ರ ತಡೆಯಲಾರದೆ, "ಇವರು ನಮ್ಮ ದೊಡ್ಡಮ್ಮ" ಎಂದು ಪಕ್ಕದ ಅಪರಿಚಿತನಿಗೆ ಹೇಳಿಯೇಬಿಟ್ಟೆ.

ಬಸ್ಸು ಉಳಿಯಿತು, ಭಾನುವಾರದ ಓಡಾಟವೊಂದು ಬಿಟ್ಟು.

ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದ ಶ್ರೀಧರ ಅದು ಮುಗಿದ ಮೇಲೆ ಹೊರಗೆ ಬಂದು ಕಾರಿನ ಬಾಗಿಲು ತೆರೆದು ಹಿಡಿದ. "ಬನ್ನಿ ಆಂಟಿ, ಡ್ರಾಪ್ ಮಾಡ್ತೀನಿ. ಆದ್ರೆ ನಾನಿನ್ನೂ ಆ ಹಳೇ ಆಂಟಿ ಕಡೆನೇ."

"ಒಳ್ಳೇದಾಯ್ತು," ಎಂದರು ದೊಡ್ಡಮ್ಮ, ಸೀಟ್ ಬೆಲ್ಟ್ ಹುಡುಕುತ್ತಾ. "ಅವಳನ್ನೂ ಯಾರಾದ್ರೂ ನೋಡ್ಕೋಬೇಕಲ್ಲ."