ಅಮಾವಾಸ್ಯೆಗೆ ನಡುಗದ ನೆಲ

ನನಗೆ ಸೇಡು ಇಟ್ಟುಕೊಳ್ಳುವ ಗುಣವಿದೆ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಮುಂದೆ ಓದುತ್ತ ಯಾರೂ ನನ್ನನ್ನು ಸಾತ್ವಿಕಳೆಂದು ತಿಳಿದು ಮೋಸಹೋಗಬಾರದು. ಭೂಕಂಪಗಳನ್ನು ಅಭ್ಯಾಸ ಮಾಡುವುದು ನನ್ನ ಕೆಲಸ. ಒಳಗೊಳಗೇ ಒತ್ತಡ ಕೂಡಿಟ್ಟುಕೊಂಡು ಒಂದು ದಿನ ಬಿಡುವುದನ್ನು ನಾನು ನೆಲದಿಂದಲೇ ಕಲಿತೆ ಎಂದು ಗೆಳತಿಯರು ಚೇಷ್ಟೆ ಮಾಡುತ್ತಾರೆ. ಸುಳ್ಳು. ಅದು ನನ್ನ ಅವ್ವನಿಂದ ಬಂದದ್ದು. ತನ್ನ ಮದುವೆಯ ಅಡಿಗೆಗೆ ಕೊಂಕು ತೆಗೆದ ನಾದಿನಿಗೆ ಅವ್ವ ಕೊನೆಯತನಕ ಹೋಳಿಗೆಯ ಮೇಲೆ ತುಪ್ಪ ಕಡಿಮೆಯೇ ಹಾಕುತ್ತಿದ್ದಳು.

ನನ್ನ ಸೇಡಿಗೆ ಗುರಿಯಾದವರು ನಮ್ಮ ಸಂಸ್ಥೆಯ ಮುಖ್ಯಸ್ಥರು. ಎಲ್ಲರೂ ಅವರನ್ನು ಸಾಹೇಬರು ಎನ್ನುತ್ತಿದ್ದೆವು. ದೇಶದಲ್ಲಿ ಎಲ್ಲಿ ನೆಲ ನಡುಗಿದರೂ ಟೀವಿಯವರು ಬರುತ್ತಿದ್ದುದು ಅವರ ಬಾಗಿಲಿಗೇ. ಕಟ್ಟಡದ ನಿಯಮ ಬರೆಯುವ ಸಮಿತಿಯಿರಲಿ, ಅಣೆಕಟ್ಟಿನ ಸುರಕ್ಷತೆಯ ಸಭೆಯಿರಲಿ, ನಡುವಿನ ಕುರ್ಚಿ ಅವರದೇ. ಬುದ್ಧಿವಂತರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಂಪ್ಯೂಟರಿನ ಪರದೆ ಬಿಟ್ಟು ಬೇರೆಲ್ಲೂ ಅವರು ನೆಲವನ್ನು ನೋಡುತ್ತಿರಲಿಲ್ಲ. ಅವರ ಬೂಟಿಗೆ ಮಣ್ಣು ಹತ್ತಿದ್ದನ್ನು ನಾನಂತೂ ಕಂಡಿಲ್ಲ.

ಘಟಪ್ರಭೆಯ ಕಣಿವೆಯಲ್ಲಿ ಆಗುವ ಸಣ್ಣ ಕಂಪನಗಳನ್ನು ಹಿಡಿಯಲು ಒಂದು ಕಂಪನಮಾಪಕ ಇಡಬೇಕೆಂದು ತೀರ್ಮಾನವಾದಾಗ ಜಾಗ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಆ ಸೀಮೆಯವಳು ನಾನೊಬ್ಬಳೇ. ಅವ್ವನ ತಂಗಿ, ನನ್ನ ಚಿಗವ್ವ, ದಡ್ಡಿ ಎಂಬ ಹಳ್ಳಿಯಲ್ಲಿದ್ದಾಳೆ. ಅವಳ ಹಿತ್ತಲ ಹಿಂದಿನ ಹೊಲದ ಬದುವಿನಲ್ಲಿ ಗಟ್ಟಿ ಬಂಡೆ ಸಿಗುವವರೆಗೆ ತೆಗ್ಗು ತೋಡಿಸಿ, ಸಿಮೆಂಟಿನ ಕಟ್ಟೆ ಕಟ್ಟಿಸಿ, ಯಂತ್ರವನ್ನು ನಾನೇ ಮಗುವನ್ನು ಮಲಗಿಸಿದ ಹಾಗೆ ಅದರ ಮೇಲೆ ಕೂರಿಸಿದೆ. ಚಿಗವ್ವ ಅದಕ್ಕೆ ಡಬ್ಬಿ ಎಂದು ಹೆಸರಿಟ್ಟಳು.

"ಇದಕ್ಕ ಎಮ್ಮಿ ನಡದದ್ದೂ ಗೊತ್ತಾಗತೈತೇನ?" ಎಂದು ಕೇಳಿದಳು.

"ಗೊತ್ತಾಗತೈತಿ ಚಿಗವ್ವಾ."

"ಹಂಗಾರ ನಿಮ್ಮ ಕಾಕಾ ಗೊರಕಿ ಹೊಡದದ್ದೂ ಬರಕೊಂಡಿರತೈತಿ ತಗೋ" ಎಂದು ನಕ್ಕಳು. ಮರುದಿನವೇ ಎಮ್ಮೆಯನ್ನು ಹಿತ್ತಲಿನ ಆ ತುದಿಗೆ ಕಟ್ಟಿದಳು. ಆಮೇಲೆ ನಾನು ಫೋನು ಮಾಡಿದಾಗಲೆಲ್ಲ ಕಾಕಾ, ಮಕ್ಕಳ ಸುದ್ದಿಯ ಜೊತೆಗೆ ಡಬ್ಬಿಯ ಸುದ್ದಿಯನ್ನೂ ಹೇಳುತ್ತಿದ್ದಳು.

ದಡ್ಡಿಯ ಆಚೆಯ ಗುಡ್ಡದಲ್ಲಿ ಒಂದು ಕಲ್ಲಿನ ಖಣಿ ಇದೆ, ಪಕ್ಕದಲ್ಲೇ ಕಲ್ಲು ಪುಡಿಮಾಡುವ ಖಡಿ ಮಷೀನು. ಬಂಡೆ ಒಡೆಯಲು ಮದ್ದು ಹಾರಿಸಿದಾಗಲೂ ನೆಲ ನಡುಗುತ್ತದೆ, ಡಬ್ಬಿ ಅದನ್ನೂ ದಾಖಲಿಸುತ್ತಿತ್ತು. ಮದ್ದಿನ ನಡುಕವನ್ನು ಭೂಮಿಯ ಸ್ವಂತ ನಡುಕದಿಂದ ಬೇರೆ ಮಾಡುವುದು ನಮ್ಮ ವೃತ್ತಿಯ ಮೊದಲ ಪಾಠ. ಕಲಿಯಲು ಬಂದ ಹುಡುಗರಿಗೆ ಸಾಹೇಬರೇ ಅದನ್ನು ಕಲಿಸುತ್ತಿದ್ದರು.

ಮೊದಲ ವರ್ಷದ ದಾಖಲೆಗಳು ಸೇರಿದ ಮೇಲೆ ಸಾಹೇಬರು ದೊಡ್ಡ ಸಭೆ ಕರೆದರು. ನಾನು ಊರಿಗೆ ಹೋಗಿದ್ದವಳು ನೇರವಾಗಿ ಬಸ್ಸಿಳಿದು ಬಂದಿದ್ದೆ. ಚೀಲದಲ್ಲಿ ಗೋಕಾಕದ ಕರದಂಟಿನ ಪೊಟ್ಟಣಗಳಿದ್ದವು. ಊರಿಗೆ ಹೋದವರು ಬರಿಗೈಲಿ ಬರಬಾರದು ಎಂಬ ರೂಢಿ. ಸಾಹೇಬರು ಪರದೆಯ ಮೇಲೆ ಒಂದು ನಕ್ಷೆ ತೋರಿಸಿದರು. ಕಂಪನಗಳಾದ ದಿನಗಳು ಸಾಲಾಗಿ ಇದ್ದವು, ನಡುನಡುವೆ ತಪ್ಪದೆ ಒಂದೊಂದು ಖಾಲಿ ದಿನ. ಆ ಖಾಲಿ ದಿನಗಳೆಲ್ಲ ಅಮಾವಾಸ್ಯೆಗಳು.

ಇಷ್ಟೇ ಸಾಕಾಯಿತು ಅವರಿಗೆ. ಚಂದ್ರ ಸಮುದ್ರವನ್ನು ಎಳೆಯುವಂತೆ ನೆಲವನ್ನೂ ಎಳೆಯುತ್ತಾನೆ ಎನ್ನುವುದು ನಿಜ. ಅಮಾವಾಸ್ಯೆಯಂದು ಆ ಎಳೆತ ಘಟಪ್ರಭೆಯ ಕೆಳಗಿನ ಬಿರುಕನ್ನು ಒತ್ತಿ ಹಿಡಿಯುತ್ತದೆ, ಅದಕ್ಕೇ ಆ ದಿನ ಕಂಪನವಿಲ್ಲ ಎನ್ನುವುದು ಅವರ ಸಿದ್ಧಾಂತ. ಜಗತ್ತಿನಲ್ಲಿ ಯಾರೂ ಇಷ್ಟು ಸ್ಪಷ್ಟವಾಗಿ ಇದನ್ನು ತೋರಿಸಿಲ್ಲ ಎಂದರು. ನನಗೆ ನಗು ತಡೆಯುವುದೇ ಕಷ್ಟವಾಯಿತು. ನಮ್ಮ ಕಡೆ ಅಮಾವಾಸ್ಯೆ ಎಂದರೆ ಗಾಡಿಗೂ ಮಷೀನಿಗೂ ಪೂಜೆ, ಕಾಯಿ ಒಡೆದು ನಿಂಬೆಹಣ್ಣು ಕಟ್ಟುವ ದಿನ. ಖಣಿ ಬಂದ್. ಮದ್ದು ಹಾರಿಸುವವರು ಮನೆಯಲ್ಲಿ ಉಂಡು ಮಲಗಿರುತ್ತಾರೆ. ಪರದೆ ಬಿಟ್ಟು ಏಳದ ಸಾಹೇಬರಿಗೆ ಅಲ್ಲೊಂದು ಖಣಿ ಇರುವುದೇ ಗೊತ್ತಿರಲಿಲ್ಲ.

ನಾನು ಎದ್ದು ನಿಂತೆ. "ಸರ್, ಅಲ್ಲಿ ಹತ್ತಿರದಲ್ಲೇ..." ಅನ್ನುವಷ್ಟರಲ್ಲಿ ಸಾಹೇಬರು ಕೈ ಎತ್ತಿದರು. ನನ್ನ ಚೀಲದತ್ತ ನೋಡಿ, ಇಂಗ್ಲಿಷಿನಲ್ಲಿ, ನಗುತ್ತಲೇ ಅಂದರು: "ಅದು ನಿಮ್ಮೂರಿನ ಸಿಹಿ ತಾನೆ? ಮೊದಲು ಅದನ್ನು ಎಲ್ಲರಿಗೂ ಹಂಚಿ. ವಿಜ್ಞಾನ ನಾವು ನೋಡಿಕೊಳ್ಳುತ್ತೇವೆ."

ಇಡೀ ಕೋಣೆ ನಕ್ಕಿತು. ಯಂತ್ರ ಇಟ್ಟವಳು ನಾನು, ದಾಖಲೆ ತಂದವಳು ನಾನು. ಆದರೂ ಪೊಟ್ಟಣ ಬಿಚ್ಚಿ ಒಬ್ಬೊಬ್ಬರ ಮುಂದೆ ಹೋಗಿ ಹಂಚಿದೆ. ಅವರು ನಕ್ಕದ್ದಕ್ಕಿಂತ ನಾನು ಹಂಚಿದ್ದನ್ನೇ ಇವತ್ತಿಗೂ ಕ್ಷಮಿಸಲಾಗಿಲ್ಲ. ಮುಂದಿನ ವಾರ ನನ್ನನ್ನು ಆ ಯೋಜನೆಯಿಂದ ತೆಗೆದು ಬೇರೆ ವಿಭಾಗಕ್ಕೆ ಹಾಕಿದರು. ಹಿರಿಯರ ಮಾತಿನ ನಡುವೆ ಬಾಯಿ ಹಾಕುತ್ತಾಳೆ ಎಂದು ಕಾರಣ ಹೇಳಿದ್ದು ನನ್ನ ಕಿವಿಗೂ ಬಿತ್ತು.

ಸರಿ, ಬಾಯಿ ಹಾಕುವುದಿಲ್ಲ ಎಂದುಕೊಂಡೆ. ಅವತ್ತಿನಿಂದ ಬಾಯಿಗೆ ಬೀಗ. ಸಾಹೇಬರ ಸಿದ್ಧಾಂತ ಊರೂರು ತಿರುಗಿತು, ವಿದೇಶಕ್ಕೂ ಹೋಗಿಬಂತು. ಹುಣ್ಣಿಮೆಯಂದೂ ಚಂದ್ರ ಹಾಗೆಯೇ ಎಳೆಯುತ್ತಾನಲ್ಲ, ಆಗ ಯಾಕೆ ನೆಲ ನಡುಗುತ್ತದೆ ಎಂದು ಯಾರೋ ಕೇಳಿದರೆ ಅದಕ್ಕೂ ಒಂದು ಉತ್ತರ ಹೊಸೆದಿಟ್ಟಿದ್ದರು. ಅವರ ಭಾಷಣಗಳಿಗೆ ನಾನು ತಪ್ಪದೆ ಹೋಗುತ್ತಿದ್ದೆ. ಹಿಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆಯುತ್ತಿದ್ದೆ. ಇದು ವಿಜ್ಞಾನಕ್ಕೆ ಬಗೆದ ದ್ರೋಹ ಅನ್ನುವವರು ಅನ್ನಲಿ. ವಿಜ್ಞಾನವನ್ನು ನೋಡಿಕೊಳ್ಳುವ ಹೊಣೆ ಹೊತ್ತವರು ಅವರಲ್ಲವೇ?

ಕಾದದ್ದು ವ್ಯರ್ಥವಾಗಲಿಲ್ಲ. ಭೂಕಂಪದ ವಿಜ್ಞಾನಿಗಳು, ಎಂಜಿನಿಯರುಗಳು ಎಲ್ಲ ಸೇರಿದ ನಮ್ಮ ವೃತ್ತಿಯ ಸಂಘಕ್ಕೆ ಹೊಸ ಅಧ್ಯಕ್ಷರ ಆಯ್ಕೆ ಬಂತು. ಸಾಹೇಬರು ಜೀವಮಾನವೆಲ್ಲ ಆ ಕುರ್ಚಿಯ ಮೇಲೆ ಕಣ್ಣಿಟ್ಟವರು. ಅದು ಅವರಿಗೆ ಸಿಗಬಾರದು ಎನ್ನುವುದೊಂದೇ ನನ್ನ ಆಸೆ. ಅದೇ ಸಮಯಕ್ಕೆ ಗೋಕಾಕದ ಒಂದು ಕಾಲೇಜಿನವರು ಸಾಹೇಬರಿಗೆ ಸನ್ಮಾನ, ಜೊತೆಗೆ ಅವರ ಸಿದ್ಧಾಂತದ ಮೇಲೆ ಸಾರ್ವಜನಿಕ ಉಪನ್ಯಾಸ ಇಟ್ಟುಕೊಂಡರು. ಮತ ಹಾಕುವ ಹಿರಿಯರನ್ನೂ ಸಾಹೇಬರೇ ಉಮೇದಿನಿಂದ ಕರೆದುಕೊಂಡು ಬಂದರು. ಸಾಹೇಬರಿಗೂ ಆ ಹಿರಿಯರಿಗೂ ಕನ್ನಡ ಬಾರದು. ಸಾಹೇಬರ ಮಾತನ್ನು ಕನ್ನಡಕ್ಕೆ ಹೇಳಲು ಊರಿನವಳಾದ ನನ್ನನ್ನು ಕೇಳಿದರು. ಸಮಾರಂಭದ ಅಧ್ಯಕ್ಷತೆಗೆ ಯಾರನ್ನು ಕರೆಯೋಣ ಎಂದು ಕಾಲೇಜಿನವರು ವಿಚಾರಿಸಿದಾಗ ಹುಕ್ಕೇರಿ ತಾಲೂಕಿನ ಒಬ್ಬ ದೊಡ್ಡ ಮನುಷ್ಯರ ಹೆಸರು ಸೂಚಿಸಿದವಳು ನಾನೇ. ದಡ್ಡಿಯಾಚೆಯ ಗುಡ್ಡದ ಖಣಿ ಅವರದು.

ಆ ದಿನ ಬೆಳಿಗ್ಗೆ ಅತಿಥಿಗಳನ್ನು ಮೂಡಲಗಿಗೆ ಕರೆದೊಯ್ದು ಒಂದು ಶಾಲೆಯ ಕಟ್ಟಡ ತೋರಿಸಿದೆವು. ಎಂಜಿನಿಯರುಗಳು ಕಂಬಗಳನ್ನು ಬಡಿದು, ಕಿಟಕಿಯ ಮೇಲಿನ ಕಾಂಕ್ರೀಟು ಪಟ್ಟಿ ಗೋಡೆಯ ಸುತ್ತ ಬಂದಿದೆಯೇ ಎಂದು ನೋಡಿ, ತಮ್ಮತಮ್ಮಲ್ಲಿ ವಾದ ಮಾಡಿದರು. ಸಾಹೇಬರು ಗಾಡಿಯಿಂದ ಇಳಿಯಲಿಲ್ಲ. ಧುಪದಾಳದ ಒಡ್ಡಿನ ಮೇಲೆ ಮಾತ್ರ ಇಳಿದು, ನೀರಿನತ್ತ ಕೈ ಚಾಚಿ ಫೋಟೋ ತೆಗೆಸಿಕೊಂಡರು. ನನಗೆ ಅವರ ಮೇಲೆ ಎಂದೂ ಇಲ್ಲದ ಪ್ರೀತಿ ಉಕ್ಕಿ, ಬಿಸಿಲು ತಾಗದಿರಲಿ ಎಂದು ಕೊಡೆ ಹಿಡಿದೆ.

ಸಂಜೆ ಸಭಾಂಗಣ ತುಂಬಿತ್ತು. ಗೋಕಾಕ, ಮೂಡಲಗಿ, ಹುಕ್ಕೇರಿಯ ಜನ, ಹತ್ತರಗಿಯಿಂದ ಗಾಡಿ ಮಾಡಿಕೊಂಡು ಬಂದವರು, ಪಾಟೀಚೀಲದ ಮಕ್ಕಳು, ಮುಂದಿನ ಸಾಲಿನಲ್ಲಿ ಮತ ಹಾಕುವ ಹಿರಿಯರು. ಸಾಹೇಬರಿಗೆ ಪೇಟ ಸುತ್ತಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿಯ ಜೊತೆಗೆ ಕರದಂಟನ್ನೂ ಕೊಟ್ಟರು. ಆಮೇಲೆ ಅವರು ಮಾತಿಗೆ ನಿಂತರು. ಒಂದೊಂದು ವಾಕ್ಯಕ್ಕೂ ನಿಲ್ಲುತ್ತಿದ್ದರು, ನಾನು ಕನ್ನಡಕ್ಕೆ ಹೇಳುತ್ತಿದ್ದೆ. ಒಂದಕ್ಷರ ಕೂಡಿಸಲಿಲ್ಲ, ಒಂದಕ್ಷರ ಕಳೆಯಲಿಲ್ಲ. ಅವರು ಅಮಾವಾಸ್ಯೆಗೆ ಬಂದರು.

"ಅಮಾಸಿ ದಿನ ನಿಮ್ಮ ಕಡೆ ನೆಲ ನಡಗೂದಿಲ್ಲಂತ್ರಿ. ಚಂದ್ರ ಅವತ್ತ ಕೆಳಗಿನ ಬಿರುಕ ಬಿಗಿ ಹಿಡದಿರತಾನಂತ" ಎಂದೆ.

ಹಿಂದಿನಿಂದ ಯಾರೋ ಕಿಸಕ್ಕೆಂದರು. ಸಮಾರಂಭದ ಅಧ್ಯಕ್ಷರಾದ ಖಣಿಯ ಮಾಲೀಕರು, ಪಾಪ, ಯಾವ ಕಪಟವೂ ಇಲ್ಲದೆ ತಮ್ಮ ಮುಂದಿನ ಮೈಕು ಎಳೆದುಕೊಂಡರು.

"ಅಕ್ಕಾರ, ಅವತ್ತ ನಮ್ಮ ಖಣಿ ಬಂದ್ ಇರತೈತಲ್ರಿ. ಮಷೀನಿಗೆ ಪೂಜಾ ಇರತೈತಿ. ಬ್ಲಾಸ್ಟಿಂಗ್ ಮಾಡಲಾರದ ನೆಲ ಹೆಂಗ ನಡಗತೈತ್ರಿ? ಸಾಹೇಬರಿಗೆ ಯಾರೂ ಹೇಳಿಲ್ಲೇನ್ರಿ?"

ಆಗ ಎದ್ದ ನಗು ಹೇಳತೀರದು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು, ಮಕ್ಕಳು ಬೆಂಚು ಬಡಿದರು. ಸಾಹೇಬರೂ ಏನೋ ತಮಾಷೆ ನಡೆದಿದೆ ಎಂದು ನಗುತ್ತ ನನ್ನತ್ತ ಬಾಗಿ, ಏನಂತೆ ಎಂದು ಕೇಳಿದರು. ಕಿವಿಯಲ್ಲಿ ಹೇಳಬಹುದಿತ್ತು. ನಾನು ಮೈಕಿನಲ್ಲೇ ಹೇಳಿದೆ, ಇಂಗ್ಲಿಷಿನಲ್ಲಿ, ಪದ ಪದ ಬಿಡಿಸಿ, ಮುಂದಿನ ಸಾಲಿಗೆ ಸರಿಯಾಗಿ ಕೇಳಿಸುವಂತೆ. ಖಣಿ, ಮದ್ದು, ಪೂಜೆ, ರಜೆ. ಒಬ್ಬ ಹಿರಿಯ ಎಂಜಿನಿಯರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ಅಳುತ್ತಿರಲಿಲ್ಲ. ಸಾಹೇಬರು ಭಾಷಣದ ಕಾಗದ ಮಡಚಿದರು. ನಾನು ಮೇಜಿನ ಮೇಲಿದ್ದ ಕರದಂಟಿನ ಪೊಟ್ಟಣ ಬಿಚ್ಚಿ ಅವರ ಮುಂದೆ ಹಿಡಿದೆ.

"ತಗೊಳ್ಳಿ ಸರ್. ನಮ್ಮೂರಿನ ಸಿಹಿ."

ಮುಂದೆ ಬಂದ ಅವರ ಕೈ ಅಲ್ಲೇ ನಿಂತಿತು. ನೆನಪಾಯಿತು ಅವರಿಗೆ. ನಾನೇ ಒಂದು ತುಂಡು ಬಾಯಿಗೆ ಹಾಕಿಕೊಂಡೆ. ವೇದಿಕೆಯಿಂದ ಇಳಿಯುವಾಗ "ನಿನಗೆ ಮೊದಲೇ ಗೊತ್ತಿತ್ತು" ಅಂದರು. "ಗೊತ್ತಿತ್ತು ಸರ್. ಹೇಳೋದಕ್ಕೇ ಎದ್ದು ನಿಂತಿದ್ದೆ" ಅಂದೆ.

ಸಂಘದ ಅಧ್ಯಕ್ಷ ಸ್ಥಾನ ಬೇರೆಯವರ ಪಾಲಾಯಿತು, ಆ ಕನ್ನಡಕದ ಎಂಜಿನಿಯರ ಪಾಲಿಗೆ. ಸುದ್ದಿ ಬಂದ ದಿನ ನಾನು ಮನೆಯಲ್ಲಿ ಹೋಳಿಗೆ ಮಾಡಿ ಧಾರಾಳವಾಗಿ ತುಪ್ಪ ಹಾಕಿಕೊಂಡು ತಿಂದೆ. ಆದರೆ ಸಂಸ್ಥೆಯಲ್ಲಿ ಸಾಹೇಬರು ಇನ್ನೂ ಮುಖ್ಯಸ್ಥರೇ. ನಿವೃತ್ತಿಗೆ ಮುಂಚೆ ಅವರು ಹೊರಡಿಸಿದ ಕೊನೆಯ ಆದೇಶಗಳಲ್ಲಿ ಒಂದು ದಡ್ಡಿಗೆ ಸಂಬಂಧಿಸಿದ್ದು: ಹತ್ತಿರದಲ್ಲಿ ಖಣಿ ಇರುವುದರಿಂದ ಆ ಜಾಗ ಯೋಗ್ಯವಲ್ಲ, ಯಂತ್ರವನ್ನು ಕಿತ್ತು ತರಬೇಕು. ನನ್ನ ಮಾತನ್ನೇ ತಿರುಗಿಸಿ ನನಗೆ ಹೊಡೆದಿದ್ದರು. ಖಣಿಯ ನಡುಕ ಸೋಸಿ ತೆಗೆದರೆ ಉಳಿದದ್ದೆಲ್ಲ ಅಪ್ಪಟ ದಾಖಲೆ ಎಂದು ಎಷ್ಟು ಬಡಿದಾಡಿದರೂ ಯಾರೂ ಕೇಳಲಿಲ್ಲ.

"ನಿನ್ನ ಡಬ್ಬಿ ಒಯ್ಯಾಕ ಬಂದಾರವ್ವ. ಚಾ ಕೊಟ್ಟ ಕಳಸ್ಲ್ಯಾ, ಬೈದ ಕಳಸ್ಲ್ಯಾ?" ಎಂದು ಚಿಗವ್ವ ಫೋನು ಮಾಡಿದಳು. ಚಹಾ ಕೊಡು ಎಂದೆ, ಅವರದೇನು ತಪ್ಪು. ಆಮೇಲೆ ಆ ಸಿಮೆಂಟಿನ ಕಟ್ಟೆಯ ಮೇಲೆ ಅವಳು ಒಲೆಗೆ ಬೇಕಾದ ಸಗಣಿಯ ಕುಳ್ಳು ಒಟ್ಟಲು ಶುರು ಮಾಡಿದಳು.

ಈಚೆಗೆ ಒಂದು ಮಧ್ಯಾಹ್ನ ಮತ್ತೆ ಅವಳ ಫೋನು ಬಂತು. ದನಿಯಲ್ಲಿ ಹೆದರಿಕೆಯಿತ್ತು.

"ಮಗಳ, ನೆಲ ನಡಗಿತು ನೋಡವ್ವ. ಗ್ವಾಡಿ ಮಾಡದಾಗಿನ ಗಿಂಡಿ ಉಳ್ಳಿ ಕೆಳಗ ಬಿತ್ತು. ಎಮ್ಮಿ ಹಗ್ಗ ಹರಕೊಂತು."

"ಖಣ್ಯಾಗ ಬ್ಲಾಸ್ಟಿಂಗ್ ಇರಬೇಕು ಚಿಗವ್ವಾ."

"ಇವತ್ತ ಅಮಾಸಿ. ಖಣಿ ಬಂದ್ ಐತಿ."

ನಾನು ಕುರ್ಚಿಯಿಂದ ಎದ್ದು ನಿಂತೆ. ಅಮಾವಾಸ್ಯೆಯ ದಿನ, ಮದ್ದಿಲ್ಲದೆ, ದಡ್ಡಿಯ ನೆಲ ತಾನಾಗಿ ನಡುಗಿತ್ತು. ಖಣಿಯ ಮಾತು ಬಂದಮೇಲೂ, ಅಮಾವಾಸ್ಯೆಯ ದಿನ ಅಲ್ಲಿ ಸ್ವಂತ ಕಂಪನವಾದದ್ದನ್ನು ತೋರಿಸಿ ಎಂದು ಹೋದಲ್ಲಿ ಬಂದಲ್ಲಿ ಸಾಹೇಬರು ಸವಾಲು ಹಾಕುತ್ತಲೇ ಇದ್ದರು. ಅವರ ಸಿದ್ಧಾಂತದ ಶವಪೆಟ್ಟಿಗೆಗೆ ಬೇಕಾದ ಮೊಳೆ ಇದೇ. ಬೇರೆ ಊರುಗಳ ಯಂತ್ರಗಳಲ್ಲಿ ಹುಡುಕಿದೆ. ಇಷ್ಟು ಸಣ್ಣ ನಡುಕ ಅಷ್ಟು ದೂರ ಮುಟ್ಟಿರಲಿಲ್ಲ. ಅದನ್ನು ಹಿಡಿಯಬಹುದಾಗಿದ್ದ ಒಂದೇ ಒಂದು ಯಂತ್ರದ ಜಾಗದಲ್ಲಿ ಕುಳ್ಳಿತ್ತು.

ತಡೆಯಲಾಗದೆ ಸಾಹೇಬರಿಗೇ ಫೋನು ಮಾಡಿದೆ. ನಿವೃತ್ತರಾಗಿ ಮನೆಯಲ್ಲಿದ್ದರು. "ಸರ್, ಇವತ್ತು ಅಮಾವಾಸ್ಯೆ. ದಡ್ಡಿಯಲ್ಲಿ ನೆಲ ನಡುಗಿದೆ" ಎಂದೆ.

ಅವರು ಮೆಲ್ಲಗೆ ಕೇಳಿದರು: "ದಾಖಲೆ ಇದೆಯೇ?"

ಇಲ್ಲ ಎಂದೆ. ಅವರು ನಕ್ಕದ್ದು ಕೇಳಿಸಿತು. ಜೋರಾಗಿಯಲ್ಲ, ಕರದಂಟು ಹಂಚಲು ಹೇಳಿದಾಗ ನಕ್ಕಷ್ಟೇ. ಫೋನು ಇಟ್ಟರು.

ಬೇರೆಯವರ ಅಪ್ಪಣೆ ಬೇಕಿಲ್ಲದ ಸಣ್ಣ ಕಂಪನಮಾಪಕಗಳು ಈಗ ಅಂಗಡಿಯಲ್ಲೇ ಸಿಗುತ್ತವೆ. ಒಂದನ್ನು ಹೇಳಿ ತರಿಸಿದೆ. ಅದು ಕೈಗೆ ಬಂದ ಕೂಡಲೇ ದಡ್ಡಿಗೆ ಫೋನು ಹಚ್ಚಿದೆ.

"ಚಿಗವ್ವಾ, ಕಟ್ಟಿ ಮ್ಯಾಲಿನ ಕುಳ್ಳ ತೆಗಿ. ಎಮ್ಮಿ ದೂರ ಕಟ್ಟು. ನಾ ಬರಾಕತ್ತೇನಿ."