ಮೈಕಿಗೆ ಬಿದ್ದ ಸಂಕಲ್ಪ

ನನ್ನ ಗಂಡನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಮದುವೆಯಾದ ಹೊಸತರಲ್ಲಿ ಇದು ಮುದ್ದಾಗಿಯೇ ಕಂಡಿತ್ತು. ದೇಶ ಬಿಟ್ಟು ಫ್ರಿಸ್ಕೋ ಊರಿಗೆ ಬಂದು ಮನೆ ಕೊಂಡು, ಮಗಳು ಹೈಸ್ಕೂಲಿನ ಕೊನೆಯ ವರ್ಷ ಮುಟ್ಟುವ ಹೊತ್ತಿಗೆ ಆ ಮುದ್ದೆಲ್ಲ ಇಳಿದುಹೋಗಿತ್ತು. ನಾನು ಗುಟ್ಟನ್ನು ಇಟ್ಟುಕೊಳ್ಳಬಲ್ಲೆ, ಸಿಟ್ಟನ್ನು ಇಟ್ಟುಕೊಳ್ಳಲಾರೆ. ಅವರು ಇದಕ್ಕೆ ಸರಿಯಾಗಿ ಉಲ್ಟಾ. ಹೀಗಾಗಿ ನಮ್ಮ ಮನೆಯಲ್ಲಿ ಯಾವ ಸುದ್ದಿಯೂ ಹೆಚ್ಚು ದಿನ ಒಳಗೆ ಉಳಿದದ್ದಿಲ್ಲ.

ಇದರ ಫಲ ಉಂಡವಳು ಮಗಳು. ಡ್ರೈವಿಂಗ್ ಟೆಸ್ಟಿನಲ್ಲಿ ಪ್ಯಾರಲೆಲ್ ಪಾರ್ಕಿಂಗ್ ಮಾಡಲು ಹೋಗಿ ಅವಳು ಫೇಲಾದ ದಿನ, ಅಪ್ಪನ ಜೊತೆ ಕಾರಿನಲ್ಲಿ ಮನೆ ಸೇರುವ ಮೊದಲೇ ಆಂಟಿಯರ ಸಮಾಧಾನದ ಮೆಸೇಜುಗಳು ಬಂದು ಬಿದ್ದಿದ್ದವು. ಆಗ ವಾಟ್ಸಾಪ್ ಗ್ರೂಪುಗಳು ಹೊಸದು, ಜನಕ್ಕೆ ಹುರುಪು ಜಾಸ್ತಿ. ಮೈಸೂರಿನಿಂದ ಅಜ್ಜಿ ಫೋನ್ ಮಾಡಿ, "ಬೇಜಾರ್ ಮಾಡ್ಕೋಬೇಡ ಪುಟ್ಟಿ, ನಿಮ್ ತಾತಂಗೆ ಕೊನೇವರೆಗೂ ಸ್ಕೂಟರೇ ಬರ್ಲಿಲ್ಲ" ಎಂದರು. ಅವಳು ಮೇಲಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬೇಸರ ಫೇಲಾದದ್ದಕ್ಕಲ್ಲ ಎಂದು ನನಗೆ ಅರ್ಥವಾಯಿತು, ಅವಳಪ್ಪನಿಗೆ ಆಗಲಿಲ್ಲ.

ಕಾಲೇಜಿನ ವಿಷಯಕ್ಕೆ ಅವಳು ಮೊದಲೇ ಕರಾರು ಹಾಕಿದ್ದು ಇದಕ್ಕೇ. ಅವಳಿಗೆ ಬೇಕಿದ್ದದ್ದು ಆಸ್ಟಿನ್ನಿನ ಒಂದು ಯೂನಿವರ್ಸಿಟಿ. ಅಪ್ಪನ ಆಫೀಸಿನ ದೊಡ್ಡ ಶಾಖೆ ಅಲ್ಲಿ ಅಂಗಡಿ-ಹೋಟೆಲುಗಳ ಬಡಾವಣೆಯಾದ ಡೊಮೇನ್‌ನಲ್ಲಿತ್ತು. ಚಿಕ್ಕಂದಿನಲ್ಲಿ ಬೇಸಿಗೆ ರಜೆಗೆ ಅಪ್ಪನ ಜೊತೆ ಹೋಗಿ, ಅಲ್ಲಿ ಐಸ್‌ಕ್ರೀಮು ತಿನ್ನುತ್ತಾ ಆ ಊರನ್ನು ತನ್ನದು ಮಾಡಿಕೊಂಡಿದ್ದಳು. ಸೀಟಿನ ರಿಸಲ್ಟು ಶುಕ್ರವಾರ ಸಂಜೆ ವೆಬ್‌ಸೈಟಿನಲ್ಲಿ ಬರುವುದಿತ್ತು. ಅದಕ್ಕೆ ಮೊದಲಿನ ಭಾನುವಾರ ಅಡಿಗೆಮನೆಗೆ ಬಂದು ಅವಳು ಕನ್ನಡದಲ್ಲಿ ಮಾತಾಡಿದಳು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ ತಾನಾಗಿ ಕನ್ನಡಕ್ಕೆ ಬಂದಳೆಂದರೆ ವಿಷಯ ಗಂಭೀರ ಎಂದೇ ಲೆಕ್ಕ.

"ಅಮ್ಮಾ, ಇದೊಂದು ಮೊದ್ಲು ನಂಗೆ ಗೊತ್ತಾಗ್ಲಿ. ಲೈಬ್ರರಿ ಪಾರ್ಕಿಂಗ್‌ನಲ್ಲಿ ಕಾರಲ್ಲಿ ಕೂತು ನಾನೊಬ್ಳೇ ನೋಡ್ತೀನಿ. ಆಮೇಲೆ ನಾನೇ ಬಂದು ಹೇಳ್ತೀನಿ. ಅಲ್ಲೀವರೆಗೆ ಯಾರೂ ಕೇಳ್ಬೇಡಿ. ಪ್ಲೀಸ್, ಅಪ್ಪಂಗೂ ಹೇಳು."

ಹೇಳಿದೆ. ಅವರೂ ಒಪ್ಪಿದರು.

ಮಂಗಳವಾರ ಸಂಜೆ ಅವರು ನನ್ನನ್ನು ಕೈ ಹಿಡಿದು ಪ್ಯಾಂಟ್ರಿಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದರು. ಬೇಳೆ ಡಬ್ಬಗಳ ನಡುವೆ ನಿಂತು ಫೋನು ತೋರಿಸಿದರು. ಅದೇ ಯೂನಿವರ್ಸಿಟಿಯ ಪೋಷಕರ ವಿಭಾಗದಿಂದ ಮೇಲ್ ಬಂದಿತ್ತು. ನಿಮ್ಮ ಮಗಳು ನಮ್ಮಲ್ಲಿಗೆ ಬರುತ್ತಿರುವುದು ಸಂತೋಷ, ಪೋಷಕರ ದಿನಕ್ಕೆ ಬನ್ನಿ, ನಿಮಗೆ ಯಾವ ಸೈಜಿನ ಟೀ ಶರ್ಟ್ ಬೇಕು ತಿಳಿಸಿ ಎಂದಿತ್ತು. ನನ್ನದು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಶುಕ್ರವಾರ ಒತ್ತಬೇಕಿದ್ದ ಬಟನ್ನನ್ನು ಯಾರೋ ಮಂಗಳವಾರವೇ ಒತ್ತಿದ್ದಾರೆ ಎಂದು ನೋಡಿದ ಕೂಡಲೇ ತಿಳಿಯಿತು.

ಮೊದಲು ಸಂತೋಷವೇ ಆಯಿತು, ಸುಳ್ಳು ಯಾಕೆ ಹೇಳಲಿ. ಅಕ್ಕಿ ಡಬ್ಬದ ಮೇಲೆ ಕೈಯೂರಿ ನಿಂತು ಅತ್ತೆ. ಆಮೇಲೆ ಪಿತ್ತ ನೆತ್ತಿಗೇರಿತು. ನಮ್ಮ ತಲೆಯ ಮೇಲಿನ ಕೋಣೆಯಲ್ಲೇ ಅವಳು ಕೂತು ಓದಿಕೊಳ್ಳುತ್ತಿದ್ದಳು. ಅವಳ ಬದುಕು ಎತ್ತ ಹೋಗುತ್ತದೆಂಬುದು ಬೇಳೆ ಡಬ್ಬಗಳ ನಡುವೆ ನಿಂತ ಇಬ್ಬರಿಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ. ಕೇಳದೆ ಅವಳ ಡೈರಿ ಓದಿದ ಹಾಗಾಯಿತು.

"ಈಗ್ಲೇ ಹೇಳ್ಬಿಡೋಣ್ವಾ?" ಎಂದರು ಅವರು.

"ಅವಳು ಕೇಳಿದ್ದು ಒಂದೇ ಒಂದು. ಬಾಯಿಗೆ ಬೀಗ ಹಾಕ್ಕೊಂಡು ಇರ್ರಿ ಶುಕ್ರವಾರದ ತನಕ."

"ಯಾವ ಮನುಷ್ಯಂಗೂ ಹೇಳಲ್ಲ. ಪ್ರಾಮಿಸ್."

ಆ ಪ್ರಾಮಿಸ್ಸಿನ ಭಾರಕ್ಕೆ ಅವರು ಕುಣಿಯುವುದೊಂದು ಬಾಕಿ. ಮಗಳ ಕಾರು ತೊಳೆದರು, ಅದಕ್ಕೆ ಪೆಟ್ರೋಲ್ ತುಂಬಿಸಿ ತಂದರು. ಪಾತ್ರೆ ಉಜ್ಜುತ್ತಾ ಹಾಡಿದರು. ಬುಧವಾರ ನನ್ನ ಕಿವಿಯ ಹತ್ತಿರ ಬಂದು, "ಒಂದು ಚೂರು ಕೇಸರಿಬಾತಾದ್ರೂ ಮಾಡೇ" ಎಂದರು. ತುಪ್ಪದಲ್ಲಿ ದ್ರಾಕ್ಷಿ ಗೋಡಂಬಿ ಹುರಿದ ವಾಸನೆ ಬುಧವಾರ ಸಂಜೆ ಈ ಮನೆಯಲ್ಲಿ ಎದ್ದರೆ ಅದು ಮೈಕ್ ಹಿಡಿದು ಹೇಳಿದಂತೆಯೇ ಎಂದು ಗದರಿದೆ. ಮೈಕಿನ ಮಾತು ನನ್ನ ಬಾಯಲ್ಲಿ ಯಾಕೆ ಬಂತೋ.

ಗುರುವಾರ ಸಂಜೆ ಬಾಗಿಲ ಬೆಲ್ ಆಯಿತು. ಎರಡು ರಸ್ತೆ ಆಚೆ ಇರುವ ಧಾರವಾಡದ ಗೆಳತಿ, ಕೈಯಲ್ಲಿ ಭಜನೆ ಪುಸ್ತಕ ಹಿಡಿದು ನಿಂತಿದ್ದಳು. ಅವಳ ಒಬ್ಬನೇ ಮಗ ನನ್ನ ಮಗಳ ಜೊತೆ ಕಿಂಡರ್‌ಗಾರ್ಟನ್‌ನಿಂದ ಓದಿದವನು, ಅದೇ ಆಸ್ಟಿನ್ನಿಗೆ ಅವನೂ ಅರ್ಜಿ ಹಾಕಿದ್ದ. ಗೆಳತಿಯ ಮುಖ ನೋಡಿದರೆ ಒಳಗೆ ಕರೆಯುವ ಮಾತಲ್ಲ ಎನ್ನಿಸಿತು. ಮಗಳು ಮನೆಯಲ್ಲೇ ಇದ್ದಳು, ಹಾಗಾಗಿ ಗೆಳತಿಯನ್ನು ಗ್ಯಾರೇಜಿಗೆ ಕರೆದುಕೊಂಡು ಹೋದೆ.

"ಗುಡಿಯಾಗ ಭಜನಿಗೆ ಕೂತಿದ್ವಿರಿ," ಎಂದಳು. "ನಿಮ್ಮ ಮನಿಯವರು ಅರ್ಚನಾ ಮಾಡಿಸ್ಲಿಕ್ಕೆ ಬಂದ್ರು. ಅರ್ಚಕರು ಸಂಕಲ್ಪ ಹೇಳ್ಲಿಕ್ಕೆ ಹತ್ತಿದ್ರು. ನಿಮ್ಮ ಗೋತ್ರ ಬಂತು, ಸ್ವಾತಿ ನಕ್ಷತ್ರ ಬಂತು, ನಿಮ್ಮ ಮಗಳ ಹೆಸರು ಬಂತು. ಆಮ್ಯಾಲೆ 'ಆಸ್ಟಿನ್ ನಗರೇ ಯೂನಿವರ್ಸಿಟಿ ಅಡ್ಮಿಷನ್ ಲಾಭ ನಿಮಿತ್ತಂ' ಅಂದ್ರು. ಮೈಕಿನಾಗ. ನಮ್ಮ ಭಜನಿ ಅಲ್ಲೇ ನಿಂತುಬಿಡ್ತು ನೋಡ್ರಿ."

ಆ ದೇವಸ್ಥಾನದ ಅರ್ಚಕರು ಎದೆಯ ಮೇಲೆ ಪುಟ್ಟ ಮೈಕು ಸಿಕ್ಕಿಸಿಕೊಂಡೇ ಇರುತ್ತಾರೆ, ಹಿಂದೆ ಕೂತವರಿಗೂ ಮಂತ್ರ ಕೇಳಲಿ ಎಂದು. ಯಾವ ಮನುಷ್ಯನಿಗೂ ಹೇಳುವುದಿಲ್ಲ ಎಂದ ನನ್ನ ಗಂಡ ದೇವರಿಗೆ ಹೇಳಲು ಹೋಗಿ ಇಡೀ ಹಾಲಿಗೆ ಡಂಗುರ ಸಾರಿಸಿದ್ದರು. ನನಗೆ ನಗು ಬಂದೇಬಿಟ್ಟಿತು. ಗೆಳತಿ ನಗಲಿಲ್ಲ.

"ಲಾಭ ಆಗೇದ ಅಂದ್ರ ನಿಮಗ ಮೇಲ್ ಬಂದಿರಬೇಕು ಅಂತ ಹೊರಗ ಬಂದು ನಾನೂ ನನ್ನ ಮೇಲ್ ನೋಡಿದೆ. ನಮ್ಮ ಮನಿಯವರದೂ ನೋಡಿಸಿದೆ. ನಮಗೇನೂ ಬಂದಿಲ್ಲರಿ."

ನನ್ನ ನಗು ಅಲ್ಲೇ ಇಂಗಿತು. ಒಂದು ಮನೆಗೆ ಬಂದ ಸಿಹಿಸುದ್ದಿ, ಬಾರದ ಮನೆಗೆ ಏನು ಹೇಳುತ್ತದೆ ಎಂದು ಪ್ಯಾಂಟ್ರಿಯಲ್ಲಿ ನಿಂತಾಗ ನನಗೆ ಹೊಳೆದೇ ಇರಲಿಲ್ಲ. ಯಾರೂ ಏನೂ ಹೇಳದೆ ಆ ಹುಡುಗನ ಸೋಲು ಅವನ ತಾಯಿಗೆ ತಿಳಿದುಹೋಗಿತ್ತು, ಈಗ ನನಗೂ ತಿಳಿಯಿತು.

"ಈಗ ಮನಿಗೆ ಹೋಗಿ ಅವನ ಮಾರಿ ಹೆಂಗ ನೋಡ್ಲಿ? ಹೇಳಿಬಿಡ್ಲೇನು?"

"ಬೇಡ ಕಣೇ. ನಾಳೆ ಸಂಜೆ ತನಕ ಅದು ಅವನ ವಿಷಯ. ಅವನೇ ಬಂದು ಹೇಳ್ಲಿ."

"ನಿಮಗ ಹೇಳೂದು ಸುಲಭ ಅದರಿ. ನಿಮಗ ಮೇಲ್ ಬಂದದ."

ಅವಳ ಕೈ ಹಿಡಿದು ಸೋನಾ ಮಸೂರಿ ಅಕ್ಕಿ ಮೂಟೆಯ ಮೇಲೆ ಕೂರಿಸಿ, ಪಕ್ಕದಲ್ಲಿ ನಾನೂ ಕೂತೆ. ಕೊನೆಗೆ ಅವಳೇ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು.

"ಭಜನಿ ಮಂದಿ ಬಾಯಿ ನಾ ಮುಚ್ಚಿಸ್ತೀನಿ. ನಿಮ್ಮ ಮನಿಯವರ ಬಾಯಿ ನೀವು ನೋಡ್ಕೋರಿ," ಎಂದಳು. ಎರಡರಲ್ಲಿ ಕಷ್ಟದ ಕೆಲಸ ನನಗೇ ಬಂದಿತ್ತು.

ಅವರು ಹಣೆಗೆ ಕುಂಕುಮ ಇಟ್ಟುಕೊಂಡು, ಪ್ರಸಾದದ ಬಾಳೆಹಣ್ಣು ಹಿಡಿದು ನಗುನಗುತ್ತಾ ಬಂದರು. ಗ್ಯಾರೇಜಿನಲ್ಲೇ ಹಿಡಿದುಕೊಂಡೆ.

"ನಾನು ಮನುಷ್ಯರಿಗೆ ಹೇಳಲ್ಲ ಅಂದಿದ್ದೆ. ಹೇಳಿಲ್ಲ," ಎಂದರು.

"ದೇವರಿಗೆ ಮನಸ್ಸಲ್ಲೇ ಹೇಳಿದ್ರೆ ಕೇಳಿಸ್ತಿರ್ಲಿಲ್ವಾ? ಮೈಕಲ್ಲೇ ಬೇಕಿತ್ತಾ?"

ಆಮೇಲೆ ಗೆಳತಿಯ ಮಗನ ವಿಷಯ ಹೇಳಿದೆ. ಅವರ ಮುಖ ಸಪ್ಪಗಾಯಿತು. ಅದೇ ಅಕ್ಕಿ ಮೂಟೆಯ ಮೇಲೆ ಕೂತು, ಬಾಳೆಹಣ್ಣನ್ನು ಕೈಯಲ್ಲಿ ತಿರುಗಿಸುತ್ತಾ, "ಪಾಪ ಕಣೇ, ನಾನು ಅದನ್ನ ಯೋಚನೆನೇ ಮಾಡ್ಲಿಲ್ಲ" ಎಂದರು. ಕೆಟ್ಟ ಮನುಷ್ಯರಲ್ಲ ಅವರು. ಮರುದಿನ ಬೆಳಿಗ್ಗೆ ಆಫೀಸಿಗೆ ಹೋಗುವ ಮುಂಚೆ ದೇವಸ್ಥಾನಕ್ಕೆ ಹೋಗಿ ಅರ್ಚಕರಿಗೂ ವಿಷಯ ತಿಳಿಸಿ, ದಯವಿಟ್ಟು ಮರೆತುಬಿಡಿ ಎಂದು ಕೇಳಿಕೊಂಡು ಬಂದರು.

ಶುಕ್ರವಾರ ಸಂಜೆ ಮಗಳು ಕಾರು ತೆಗೆದುಕೊಂಡು ಲೈಬ್ರರಿಗೆ ಹೊರಟಳು. ಇವರು ಹಜಾರದ ಕನ್ನಡಿಯ ಮುಂದೆ ನಿಂತು ಆಶ್ಚರ್ಯಪಡುವುದನ್ನು ಅಭ್ಯಾಸ ಮಾಡತೊಡಗಿದರು. ಹುಬ್ಬು ಏರಿಸಿದರು, ಬಾಯಿ ತೆರೆದರು, ಎದೆಯ ಮೇಲೆ ಕೈ ಇಟ್ಟುಕೊಂಡರು.

"ಹಾಗ್ ಮಾಡಿದ್ರೆ ಅವಳು ಆಂಬ್ಯುಲೆನ್ಸಿಗೆ ಫೋನ್ ಮಾಡ್ತಾಳೆ," ಎಂದೆ.

ಕತ್ತಲಾಗುವ ಮುಂಚೆ ಅವಳ ಕಾರು ಬಂದು ಮನೆ ಮುಂದೆ ನಿಂತಿತು. ಅದರ ಹಿಂದೆಯೇ ಇನ್ನೊಂದು ಕಾರು ಬಂತು, ಆ ಹುಡುಗನದು. ಒಬ್ಬಳೇ ನೋಡುತ್ತೇನೆ ಎಂದವಳು ಅವನನ್ನು ಜೊತೆಗೆ ಕೂರಿಸಿಕೊಂಡೇ ನೋಡಿದ್ದಳು ಎಂದು ಆಗ ಗೊತ್ತಾಯಿತು. ಇಬ್ಬರೂ ಇಳಿದು ಹುಲ್ಲಿನ ಅಂಚಿನಲ್ಲಿ ಕೂತು ಮಾತಾಡತೊಡಗಿದರು. ನಾನು ಬ್ಲೈಂಡ್ಸಿನ ಸಂದಿಯಿಂದ ನೋಡುತ್ತಿದ್ದೆ. ಅವನು ತಲೆ ತಗ್ಗಿಸಿದ. ನಾನು ಬ್ಲೈಂಡ್ಸು ಬಿಟ್ಟು ಒಳಗೆ ಹೋಗಿ, ಇವರನ್ನೂ ಕಿಟಕಿಯಿಂದ ಎಳೆದುಕೊಂಡು ಬಂದೆ.

ಅವನ ಕಾರು ಹೋದ ಮೇಲೆ ಮಗಳು ಒಳಗೆ ಬಂದಳು. ಚಪ್ಪಲಿ ಬಿಟ್ಟು, ನಮ್ಮಿಬ್ಬರನ್ನೂ ನೋಡಿ, "ಅಮ್ಮಾ, ಅಪ್ಪಾ, ಆಸ್ಟಿನ್ ಸಿಕ್ತು" ಎಂದಳು.

ಇವರ ಅಭ್ಯಾಸವೆಲ್ಲ ಮರೆತುಹೋಯಿತು. ನಿಂತಲ್ಲೇ ಮಗುವಿನ ಹಾಗೆ ಅತ್ತುಬಿಟ್ಟರು. ಅದು ನಾಟಕವಲ್ಲ. ಮೇಲ್ ಮಂಗಳವಾರವೇ ಬಂದಿದ್ದರೂ ಆ ಮಾತನ್ನು ಅವಳ ಬಾಯಿಂದ ಕೇಳಿದ್ದು ಆಗಲೇ. ನಾನೂ ಮೊದಲ ಸಲ ಕೇಳಿದವಳಂತೆಯೇ ಅವಳನ್ನು ತಬ್ಬಿಕೊಂಡೆ.

"ಆದ್ರೆ ಈಗ್ಲೇ ಯಾರ್ಗೂ ಹೇಳ್ಬೇಡಿ," ಎಂದಳು ಅವಳು ಅಪ್ಪನ ಮುಖ ನೋಡಿಕೊಂಡು. "ನಂದು ಗೊತ್ತಾದ್ರೆ ಎಲ್ರೂ ಅವಂದು ಕೇಳ್ತಾರೆ. ಅವಂಗೆ ಆಸ್ಟಿನ್ ಆಗ್ಲಿಲ್ಲ. ಹ್ಯೂಸ್ಟನ್‌ದು ಸೀಟ್ ಮೊದ್ಲೇ ಆಗಿದೆ, ನಂಗೊಬ್ಳಿಗೇ ಹೇಳಿದ್ದ. ಅವನು ಫಸ್ಟ್ ಅವರಮ್ಮಂಗೆ ಹೇಳ್ಬೇಕು. ದಟ್ಸ್ ಹಿಸ್ ನ್ಯೂಸ್, ಅಪ್ಪಾ."

ಇವರು ನೆಲ ನೋಡಿದರು. ಅಷ್ಟು ವರ್ಷ ನಾನು ಕಿರುಚಿ ಕಲಿಸಲಾರದ್ದನ್ನು ಅವಳು ಮೆಲ್ಲಗೆ ಹೇಳಿ ಕಲಿಸಿದಳು. ಅವಳ ಬಗ್ಗೆ ನನಗೆ ಹೆಮ್ಮೆಯಾದದ್ದು ಆಸ್ಟಿನ್ನಿಗಿಂತ ಹೆಚ್ಚಾಗಿ ಇದಕ್ಕೇ.

ಶನಿವಾರ ಬೆಳಿಗ್ಗೆ ಮಗಳು ದೋಸೆ ತಿನ್ನುತ್ತಿದ್ದಾಗ ಧಾರವಾಡದ ಗೆಳತಿಯ ಫೋನು ಬಂತು. ಕೈಯಲ್ಲಿ ಹಿಟ್ಟಿದ್ದದ್ದರಿಂದ ಸ್ಪೀಕರ್ ಹಾಕಿದೆ.

"ನಮ್ಮ ಹುಡುಗಗ ಹ್ಯೂಸ್ಟನ್‌ನಾಗ ಸೀಟ್ ಸಿಕ್ಕದರಿ. ನಿನ್ನೆ ಅವನೇ ಬಂದು ಹೇಳಿದ. ನನಗ ಏನೂ ಗೊತ್ತಽ ಇರ್ಲಿಲ್ಲ ನೋಡ್ರಿ. ಅವರ ಕಾಕಾ ಅಲ್ಲೇ ಬಾಜೂ ಊರು ವುಡ್‌ಲ್ಯಾಂಡ್ಸ್‌ನಾಗ ಇದ್ದಾರಲ್ಲ, ವಾರಕ್ಕೊಮ್ಮೆ ಊಟದ ಚಿಂತಿ ಇಲ್ಲ. ನಿಮ್ಮ ಮಗಳದು ಏನಾತ್ರಿ?"

"ಇಲ್ಲೇ ಇದ್ದಾಳೆ. ಅವಳೇ ಹೇಳ್ತಾಳೆ," ಎಂದೆ.

"ಆಂಟಿ, ಆಸ್ಟಿನ್," ಎಂದಳು ಮಗಳು, ಬಾಯಲ್ಲಿ ದೋಸೆ ಇಟ್ಟುಕೊಂಡು.

"ಹೌದೇನವಾ? ಈಗ ಗೊತ್ತಾತು ನೋಡು ನನಗ. ಭಾಳ ಚೊಲೊ ಆತು."

ಗ್ಯಾರೇಜಿನಲ್ಲಿ ಅತ್ತ ಹೆಂಗಸೇ ಇವಳು ಎಂದು ಯಾರೂ ನಂಬುವಂತಿರಲಿಲ್ಲ. ಅವಳ ದನಿಯಲ್ಲಿದ್ದ ಸಂತೋಷವೂ ಸುಳ್ಳಾಗಿರಲಿಲ್ಲ.

ಭಾನುವಾರ ಎರಡೂ ಮನೆಯವರು ದೇವಸ್ಥಾನಕ್ಕೆ ಹೋದೆವು. ಭಜನೆಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಮಗಳನ್ನು, "ಯಾವ ಕಾಲೇಜು ಪುಟ್ಟಿ?" ಎಂದು ಕೇಳಿದರು. ಗುರುವಾರ ಮೈಕಿನಲ್ಲಿ ಗೋತ್ರ ಸಮೇತ ಕೇಳಿಸಿಕೊಂಡವರೇ ಎಲ್ಲ. ಗೆಳತಿ ಅವರನ್ನು ಚೆನ್ನಾಗಿ ತಯಾರು ಮಾಡಿದ್ದಳು. ಮಗಳು ಹೇಳಿದಾಗಲೆಲ್ಲ "ಅಯ್ಯೋ, ಹೌದಾ" ಎಂದು ಗಲ್ಲದ ಮೇಲೆ ಕೈ ಇಟ್ಟುಕೊಂಡರು. ಹುಡುಗನನ್ನೂ ಅಷ್ಟೇ ಅಕ್ಕರೆಯಿಂದ ಕೇಳಿದರು, ಅವನೂ ಬೆನ್ನು ನೆಟ್ಟಗೆ ಮಾಡಿ ಹ್ಯೂಸ್ಟನ್ ಎಂದ. ಮಗಳು ಪ್ರತಿ ಸಲವೂ ಈಗಷ್ಟೇ ಸಿಕ್ಕಿತೆನ್ನುವಂತೆ ಹೇಳುತ್ತಿದ್ದಳು. ನನ್ನ ಗಂಡ ತುಟಿ ಬಿಗಿಹಿಡಿದು, ಕಂಬಕ್ಕೆ ಒರಗಿ ನಿಂತಿದ್ದರು.

ಅರ್ಚನೆಯ ತಟ್ಟೆ ಹಿಡಿದು ಮಗಳು ಮುಂದೆ ಹೋದಳು. ಅರ್ಚಕರು ಕೋಲಾರದ ಕಡೆಯವರು. ಅವರು ನನ್ನ ಗಂಡನ ಕಡೆ ಒಮ್ಮೆ ನೋಡಿ, ಎದೆಯ ಮೇಲಿನ ಮೈಕನ್ನು ಅಂಗೈಯಿಂದ ಪೂರ್ತಿ ಮುಚ್ಚಿ, ಬಗ್ಗಿ ಕಿವಿ ಕೊಟ್ಟರು.

"ಏನು ಸಂಕಲ್ಪ ಮಾಡ್ಲಮ್ಮಾ? ಮೆಲ್ಲಗೆ ಹೇಳು, ಯಾರ್ಗೂ ಕೇಳ್ಸಲ್ಲ."

ಮಗಳು ತಿರುಗಿ ಹುಡುಗನನ್ನು ನೋಡಿದಳು. ಅವನು ಸ್ವಲ್ಪ ಯೋಚಿಸಿ ಹೂಂ ಎಂದು ತಲೆಯಾಡಿಸಿದ.

"ಕೈ ತೆಗೀರಿ ಅಂಕಲ್," ಎಂದಳು ಅವಳು. "ಆಸ್ಟಿನ್ ನಂದು, ಹ್ಯೂಸ್ಟನ್ ಅವಂದು. ಎರಡೂ ಮೈಕಲ್ಲೇ ಹೇಳಿ."