ಅರ್ಧಕ್ಕೆ ಇಳಿಸಿದ ನೀರು

2024ರ ಬೇಸಿಗೆಯಲ್ಲಿ ನಾನು ಗೋವಿಂದರಾಜನಗರ, ಮಾರೇನಹಳ್ಳಿ ಕಡೆಯ ಮನೆಗಳಲ್ಲಿ ಬಾಣಂತಿಯರಿಗೂ ಹಸುಗೂಸುಗಳಿಗೂ ಎಣ್ಣೆ ಹಚ್ಚಿ ನೀರು ಹಾಕುವ ಕೆಲಸದಲ್ಲಿದ್ದೆ. ಈಗಲೂ ಅದೇ ಕೆಲಸ. ಓದಿದ್ದು ನಾಲ್ಕನೇ ಕ್ಲಾಸು. ನನ್ನ ಕಾಲ ಮೇಲೆ ಮಲಗಿ ನೀರು ಹಾಕಿಸಿಕೊಂಡ ಎಷ್ಟೋ ಕೂಸುಗಳಿಗೆ ಈಗ ಮೀಸೆ ಬಂದಿದೆ. ರಸ್ತೆಯಲ್ಲಿ ಸಿಕ್ಕರೆ ಗಾಡಿ ನಿಲ್ಲಿಸಿ ಮಾತಾಡಿಸುತ್ತವೆ. ಆದರೆ ಇಲ್ಲಿ ಬರೆಯುತ್ತಿರುವುದು ನಮ್ಮ ಮನೆಯದೇ ಕೂಸಿನ ವಿಷಯ. ನನ್ನ ಮೊಮ್ಮಗಳು! ಈ ಒಂದು ಪದ ಬರೆಯುವಾಗಲೇ ನಗು ಬರುತ್ತದೆ, ಏನು ಮಾಡಲಿ.

ಮಗಳು ಮಂಜುಳ ಬಾಣಂತನಕ್ಕೆ ಹೆಗ್ಗನಹಳ್ಳಿಯ ನಮ್ಮ ವಠಾರದ ಮನೆಗೆ ಬಂದಿದ್ದಳು. ಹೆರಿಗೆಯಾದ ಮೇಲೆ ಅವಳಿಗೆ ಜ್ವರ ಹಿಡಿದು ಹಾಲು ಸಾಲದಾಯಿತು. ಡಾಕ್ಟರು ಪುಡಿ ಹಾಲು ಬರೆದುಕೊಟ್ಟರು. ಪುಡಿ ಎಂದ ಮೇಲೆ ಅದಕ್ಕೆ ನೀರು ಬೇಕಲ್ಲ. ಆ ಬೇಸಿಗೆಯ ನೀರಿನ ಪಾಡು ಬೆಂಗಳೂರಿನವರಿಗೆಲ್ಲ ಗೊತ್ತು. ಕಾವೇರಿ ನಲ್ಲಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ದೊಡ್ಡವರು ನಾವು ಕ್ಯಾನ್ ನೀರು ಕುಡಿಯುತ್ತಿದ್ದೆವು. ವೈರಿಂಗ್ ಕೆಲಸ ಮಾಡುತ್ತ, ಬಾಣಂತನದ ದಿನಗಳಲ್ಲಿ ನಮ್ಮಲ್ಲೇ ಉಳಿದಿದ್ದ ನನ್ನ ಅಳಿಯ ಶಿವಕುಮಾರನಿಗೆ ಮಾತ್ರ ಕ್ಯಾನ್ ಎಂದರೆ ಅನುಮಾನ.

"ಯಾವತ್ತು ತುಂಬಿದ್ದೋ, ಯಾರು ಕೈ ಅದ್ದಿದ್ರೋ. ನನ್ನ ಮಗಳಿಗೆ ಅದು ಬೇಡ ಅತ್ತೆ. ವಠಾರದ ಬೋರ್ ನೀರು ನಮ್ಮ ಕಣ್ಣೆದುರಿಗೇ ಬರುತ್ತೆ. ನಾನೇ ಕಾಯ್ಸಿ ಇಡ್ತೀನಿ" ಎಂದ.

ಕಾಯಿಸುವುದೆಂದರೆ ಒಂದು ಕುದಿ ಬರಿಸಿ ಇಳಿಸುವುದಲ್ಲ. ಬಾಣಂತಿಗೆ ನೀರನ್ನು ಬತ್ತಿಸಿ ಕುಡಿಸುವ ಪದ್ಧತಿ ಅವನ ತಾಯಿಯ ಮನೆಯಲ್ಲಿತ್ತು. ಅದನ್ನೇ ಕೂಸಿಗೂ ಮಾಡಿದ. ದಿನಾ ಸಂಜೆ ಕೆಲಸದಿಂದ ಬಂದವನೇ ಪಾತ್ರೆ ತುಂಬ ನೀರಿಟ್ಟು, ಅದು ಅರ್ಧಕ್ಕೆ ಇಳಿಯುವ ತನಕ ಸ್ಟವ್ ಮುಂದೆ ಕಾವಲು ನಿಂತಿರುತ್ತಿದ್ದ.

"ಏನೇ ಸಾಕಮ್ಮ, ಅಳಿಯಂಗೂ ನಿನ್ನ ಕಸುಬು ಕಲಿಸಿಬಿಟ್ಯಾ? ನಾಳೆಯಿಂದ ನೀರು ಹಾಕೋಕೂ ಅವನನ್ನೇ ಕಳಿಸು" ಎಂದು ಪಕ್ಕದ ಮನೆಯ ಜಯಕ್ಕ ನಗುತ್ತಿದ್ದಳು. ಅವಳು ನಕ್ಕಷ್ಟೂ ನನಗೆ ಹೆಮ್ಮೆ.

ಕೂಸಿಗೆ ಎರಡನೇ ತಿಂಗಳು ನಡೆಯುತ್ತಿತ್ತು. ಒಂದು ಬೆಳಗ್ಗೆ ಎಣ್ಣೆ ತಿಕ್ಕಿ ನೀರು ಹಾಕಿದೆ. ಬಿಸಿನೀರು ಬಿದ್ದ ಕೂಸಿನ ಮೈ ಟೊಮೆಟೊ ಹಣ್ಣಿನ ಹಾಗೆ ಕೆಂಪಾಗುತ್ತದೆ, ಕಿರುಚಾಟಕ್ಕೆ ಬೀದಿ ಏಳುತ್ತದೆ. ಇವಳು ಕೆಂಪಾಗಲಿಲ್ಲ. ಕಿರುಚಲೂ ಇಲ್ಲ. ಟವೆಲ್ಲಿನಲ್ಲಿ ಸುತ್ತಿ ಬಾಗಿಲ ಬೆಳಕಿಗೆ ತಂದು ನೋಡಿದರೆ ತುಟಿ, ಉಗುರು ಎಲ್ಲ ಬೂದಿ ಬಣ್ಣಕ್ಕೆ ತಿರುಗಿ, ನೀಲಿ ಕಟ್ಟಿದ್ದವು. ಇಷ್ಟು ವರ್ಷದಲ್ಲಿ ನನ್ನ ಕೈಯಲ್ಲಿ ಇಂಥ ಕೂಸನ್ನು ಕಂಡಿದ್ದು ಅದೇ ಮೊದಲು.

"ಥಂಡಿ ಕಣೇ. ಬೆಚ್ಚಗೆ ಸುತ್ತಿ ಸಾಂಬ್ರಾಣಿ ಹೊಗೆ ಕೊಡು, ಸರಿಹೋಗುತ್ತೆ" ಎಂದಳು ಜಯಕ್ಕ.

"ಉಸಿರಿಗೇ ಒದ್ದಾಡ್ತಿರೋ ಮಗೀಗೆ ಹೊಗೆ ಬೇರೆ ಕೊಡ್ಲಾ? ಆಟೋ ಕರೀರಿ ಮೊದಲು!" ಎಂದು ಕೂಗಿದೆ.

ಮಕ್ಕಳ ಆಸ್ಪತ್ರೆಯಲ್ಲಿ ಕೂಸಿನ ಮೂಗಿಗೆ ಆಕ್ಸಿಜನ್ ಇಟ್ಟರು, ಕಾಲಿಗೆ ಕ್ಲಿಪ್ ಹಾಕಿದರು. ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಎಂದು ಆ ಮೆಷಿನ್ ತೋರಿಸುತ್ತದಂತೆ. ಎಂಬತ್ತೈದರ ಹತ್ತಿರ ನಿಂತ ನಂಬರು ಎಷ್ಟು ಆಕ್ಸಿಜನ್ ಕೊಟ್ಟರೂ ಮೇಲೇಳಲಿಲ್ಲ. ಹೃದಯದ ತೊಂದರೆಯಿರಬಹುದು ಎಂದು ಮೊದಲು ನೋಡಿದ ಡಾಕ್ಟರು ಹೇಳಿದಾಗ ಮಂಜುಳ ಗೋಡೆಗೆ ಒರಗಿ ಕೂತುಬಿಟ್ಟಳು. ಆಮೇಲೆ ದೊಡ್ಡ ಡಾಕ್ಟರಮ್ಮ ಬಂದರು. ಕೂಸಿನ ಒಂದು ಹನಿ ರಕ್ತವನ್ನು ಬಿಳಿ ಕಾಗದದ ಮೇಲೆ ಬಿಟ್ಟು ಸುಮ್ಮನೆ ನೋಡುತ್ತ ನಿಂತರು. ಗಾಳಿ ತಾಗಿ ಕೆಂಪಾಗಬೇಕಾದ ರಕ್ತ ಕಾಫಿ ಡಿಕಾಕ್ಷನ್ ಬಣ್ಣಕ್ಕೇ ಉಳಿಯಿತು.

"ಮಗುಗೆ ಯಾವ ನೀರು ಕೊಡ್ತೀರಾ?" ಎಂದು ಕೇಳಿದರು.

ಅಳಿಯ ಮುಂದೆ ಬಂದ. "ಬೋರ್ ನೀರು ಮೇಡಂ. ಆದ್ರೆ ಹಾಗೇ ಕೊಡಲ್ಲ. ಅರ್ಧಕ್ಕೆ ಇಳಿಯೋ ತನಕ ಕುದಿಸ್ತೀನಿ."

ಡಾಕ್ಟರಮ್ಮ ಬೈಯಲಿಲ್ಲ. ನನ್ನ ಕಡೆ ತಿರುಗಿ, "ಅಜ್ಜಿ, ಸಾರು ಬತ್ತಿಸಿದ್ರೆ ಉಪ್ಪು ಏನಾಗುತ್ತೆ?" ಎಂದರು.

"ಜಾಸ್ತಿ ಆಗುತ್ತೆ" ಎಂದೆ. ಹೇಳಿದ ಮೇಲೆ ಅರ್ಥವಾಯಿತು. ಅಳಿಯನಿಗೂ ಆಯಿತು. ಅವನ ಮುಖ ನೋಡಲಾಗಲಿಲ್ಲ.

ಅವರು ಬಿಡಿಸಿ ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ಬರೆಯುತ್ತೇನೆ. ಪಾಯಖಾನೆ ಗುಂಡಿ, ಒಡೆದ ಚರಂಡಿ, ಸಗಣಿ ತಿಪ್ಪೆ, ಹೊಲಕ್ಕೆ ಸುರಿದ ಗೊಬ್ಬರ, ಇವುಗಳಲ್ಲಿರುವ ನೈಟ್ರೋಜನ್ ಮಣ್ಣು ಸೇರಿ ನೈಟ್ರೇಟ್ ಆಗುತ್ತದೆ. ಅದು ಉಪ್ಪಿನ ಹಾಗೆ ನೀರಿನಲ್ಲಿ ಕರಗಿ ಬೋರ್ ತನಕ ಇಳಿಯುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೆ ಹುಳ ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ಗಟ್ಟಿಯಾಗುತ್ತದೆ. ದೊಡ್ಡವರು ಹೇಗೋ ತಡೆದುಕೊಳ್ಳುತ್ತಾರೆ. ಎಳೆ ಕೂಸಿನ ಹೊಟ್ಟೆಯಲ್ಲಿ ಅದು ನೈಟ್ರೈಟ್ ಆಗಿ ರಕ್ತಕ್ಕೆ ಸೇರಿದರೆ, ಆ ರಕ್ತಕ್ಕೆ ಆಕ್ಸಿಜನ್ ಹೊರುವ ಶಕ್ತಿಯೇ ಹೋಗುತ್ತದೆ. ನಮ್ಮ ಕೆರೆಗಳ ಮೇಲೆ ಹಸಿರು ಜೊಂಡು ಹಬ್ಬಿ ಮೀನು ಸಾಯುವುದಕ್ಕೂ ಇಂಥ ಕೊಳಚೆಯೇ ಕಾರಣವಂತೆ. ಜೊಂಡಿಗೆ ಅದು ಗೊಬ್ಬರ.

ಮಿಥಿಲೀನ್ ಬ್ಲೂ ಎಂಬ ಔಷಧಿಯನ್ನು ಕೂಸಿನ ನರಕ್ಕೆ ನಿಧಾನವಾಗಿ ಬಿಟ್ಟರು. ಕಡು ನೀಲಿ ಬಣ್ಣ! ನೀಲಿಗಟ್ಟಿದ ಕೂಸಿಗೆ ಇನ್ನೂ ನೀಲಿಯೇ ಎಂದು ನಾನು ದೇವರನ್ನೆಲ್ಲ ಕರೆದೆ. ನೋಡನೋಡುತ್ತ ತುಟಿಯ ಬೂದಿ ಬಣ್ಣ ಕರಗಿತು. ಕಿವಿ ಕೆಂಪಾಯಿತು, ಕೆನ್ನೆ ಕೆಂಪಾಯಿತು, ಆಮೇಲೆ ಕಿರುಚಿದಳು ನೋಡಿ ನನ್ನ ತಾಯಿ, ಇಡೀ ವಾರ್ಡು ತಿರುಗಿ ನೋಡಬೇಕು! ಅಳಿಯ ಅಳುತ್ತಿದ್ದ, ನಾನು ನಗುತ್ತಿದ್ದೆ. ಮಧ್ಯಾಹ್ನ ಬಟ್ಟೆ ಬದಲಿಸುವಾಗ ಉಚ್ಚೆ ಹಸಿರು ನೀಲಿಯಾಗಿದ್ದು ಕಂಡು ಮಂಜುಳ ಮತ್ತೆ ಹೌಹಾರಿದಳು. "ಔಷಧಿ ಬಣ್ಣ ಕಣಕ್ಕ, ಆಚೆ ಬರ್ತಿದೆ. ಇವತ್ತು ಅವಳಿಗೆ ಹೋಳಿ" ಎಂದು ನರ್ಸಮ್ಮ ನಕ್ಕರು.

ಬೋರ್ ನೀರನ್ನು ಲ್ಯಾಬಿಗೆ ಕೊಟ್ಟೆವು. ಕುಡಿಯುವ ನೀರಿಗೆ ಸರ್ಕಾರ ಇಟ್ಟಿರುವ ಮಿತಿ ಲೀಟರಿಗೆ ನಲವತ್ತೈದು ಮಿಲಿಗ್ರಾಂ ನೈಟ್ರೇಟ್. ನಮ್ಮದು ಅದನ್ನು ಎಷ್ಟೋ ದಾಟಿತ್ತು. ವಠಾರದ ಹಳೆಯ ಪಾಯಖಾನೆ ಗುಂಡಿ ಬೋರಿನ ಮಗ್ಗುಲಲ್ಲೇ ಇತ್ತು, ಯಾರಿಗೂ ಹೊಳೆದಿರಲಿಲ್ಲ. ಓನರು ಬೋರಿನ ಮೇಲೆ ಕುಡಿಯುವ ನೀರಲ್ಲ ಎಂದು ಬರೆಸಿದರು. ಮಗುವಿನ ಪುಡಿಗೆ ನೈಟ್ರೇಟನ್ನೂ ಸೋಸುವ ಆರ್‌ಒ ಮೆಷಿನ್ನಿನ ನೀರು ತರತೊಡಗಿದೆವು.

ಆದರೆ ಕೂಸು ಮನೆಗೆ ಬಂದ ಮೇಲೆ ಶಿವಕುಮಾರ ಅಡುಗೆಮನೆಗೆ ಕಾಲಿಡಲಿಲ್ಲ. ಮಗಳನ್ನು ಎತ್ತಿಕೊಳ್ಳಲೂ ಇಲ್ಲ. ಬಾಗಿಲಲ್ಲೇ ನಿಂತು ನೋಡಿ ಹೋಗುತ್ತಿದ್ದ. ಒಂದು ಸಂಜೆ ಹಾಲಿನ ಬಾಟಲಿ ಹಿಡಿದು ಅವನ ಮುಂದೆ ಹೋದೆ.

"ತಗೊಳ್ಳಿ ಶಿವಣ್ಣ, ನೀವೇ ಕುಡಿಸಿ."

"ಬೇಡ ಅತ್ತೆ. ನನ್ನ ಕೈಯಿಂದ ಬೇಡ."

"ಕೈ ತಪ್ಪು ಮಾಡಿಲ್ಲ. ನೀರು ಎಂಥದ್ದು ಅಂತ ನೀವೂ ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಈಗ ಕೇಳಿದೀವಿ. ಕೂತ್ಕೊಳ್ಳಿ" ಎಂದು ಕೂಸನ್ನು ಅವನ ತೊಡೆಗೆ ಹಾಕಿದೆ.

ಈಗ ಹೊಸ ಮನೆಗೆ ಹೋದರೆ, ಎಣ್ಣೆ ಎಲ್ಲಿದೆ ಎಂದು ಕೇಳುವ ಮೊದಲು ಕೂಸಿನ ಹಾಲಿಗೆ ಯಾವ ನೀರು ಎಂದು ಕೇಳುತ್ತೇನೆ. ಕೂಸಿನ ಮೇಲೆ ಎಷ್ಟೇ ಪ್ರೀತಿಯಿದ್ದರೂ ತಿಳಿದವರನ್ನು ಒಂದು ಮಾತು ಕೇಳಬೇಕು. ಆ ಬೇಸಿಗೆ ನನಗೆ ಕಲಿಸಿದ್ದು ಅದು. ಆ ಸಂಜೆ ಅಳಿಯ ಬಾಟಲಿಯನ್ನು ಬೆಳಕಿಗೆ ಹಿಡಿದು ಎರಡೆರಡು ಸಲ ನೋಡಿ, ಆಮೇಲೆ ಕೂಸಿನ ಬಾಯಿಗಿಟ್ಟ. ಕೂಸು ಅದೇನನ್ನೂ ಲೆಕ್ಕಕ್ಕಿಡದೆ ಅವನ ಹೆಬ್ಬೆರಳನ್ನು ಮುಷ್ಟಿಯಲ್ಲಿ ಹಿಡಿದು, ಬಾಟಲಿ ಖಾಲಿಯಾಗುವ ತನಕ ಕುಡಿಯಿತು.